ಸುರಂಗದ ಆ ತುದಿ

ನಮ್ಮ ಮನೆಯಲ್ಲಿ ಕೂತು ಒಂದು ವಾಕ್ಯವನ್ನು ಪೂರ್ಣವಿರಾಮದವರೆಗೆ ಮುಟ್ಟಿಸುವುದು ಸುಲಭವಲ್ಲ. ಕರ್ತೃಪದ ಬರೆಯುವಷ್ಟರಲ್ಲಿ ಬಾಗಿಲು ಬಡಿಯುತ್ತದೆ, ಕ್ರಿಯಾಪದಕ್ಕೆ ಬರುವಷ್ಟರಲ್ಲಿ ಕುಕ್ಕರ್ ಕೂಗುತ್ತದೆ. ಸಾಲದ್ದಕ್ಕೆ, ಕರೆದು ಕರೆದು ಗಂಟಲು ಹೋಯಿತೆಂದು ನನ್ನಾಕೆ ಕೋಣೆಗೊಂದು ಪುಟ್ಟ ವೈಫೈ ಸ್ಪೀಕರ್ ತಂದಿಟ್ಟಳು. ಅಡುಗೆಮನೆಯದರ ಗುಂಡಿ ಒತ್ತಿದರೆ ಅವಳ ಮಾತು ಎಲ್ಲ ಕೋಣೆಗೂ, ಎಲ್ಲ ಕೋಣೆಯ ಸದ್ದು ಅವಳಿಗೂ ತಲುಪುತ್ತದೆ.

ಹಾಗಾಗಿ ಕಚೇರಿಯ ವರದಿ ಬರೆಯಲು ಎರಡು ಬೀದಿಯಾಚೆ ಒಂದು ಕೋಣೆ ಹಿಡಿದೆ. ಮೇಜು, ಕುರ್ಚಿ, (ಬೆನ್ನುನೋವಿಗೆಂದು) ಒಂದು ಮಂಚ. ಹಾಡು ಕೇಳಲು ಮನೆಯದೇ ಒಂದು ಸ್ಪೀಕರನ್ನೂ ಒಯ್ದೆ. ಮನೆಯ ವೈಫೈ ಸಿಗದ ಅಲ್ಲಿ ಅದು ಗುಂಡಿಯ ಹಂಗು ತೊರೆದು ಹಾಯಾಗಿತ್ತು, ನನ್ನಂತೆಯೇ.

ಒಂದೇ ಕೊರತೆ. ಹಳೆಯ ಫೋಟೊಗಳೆಲ್ಲ ಮನೆಯ ವೈಫೈಗೆ ಸೇರಿಸಿಟ್ಟ ಡಿಸ್ಕಿನಲ್ಲಿದ್ದವು. ಎರಡು ಕಡೆಯ ವೈಫೈ ರೂಟರುಗಳ ನಡುವೆ ಸುರಂಗ ಹಾಕಬಹುದು, ಇಂಟರ್‌ನೆಟ್ಟಿನ ಗದ್ದಲದೊಳಗೇ ಅವೆರಡೂ ಗುಟ್ಟಾಗಿ ಮಾತಾಡಿಕೊಳ್ಳುತ್ತವೆ ಎಂದು ಎಲ್ಲೋ ಓದಿದೆ. ಕುತೂಹಲ ತಡೆಯಲಾಗಲಿಲ್ಲ.

"ಎಲ್ಲಿಂದ ಅಗೀತೀರಿ ಅಳಿಯಂದ್ರೇ?" ನಮ್ಮಲ್ಲಿ ಬಂದು ಉಳಿದಿದ್ದ ಅತ್ತೆ ಕೇಳಿದರು.

"ಅಗೆಯೋದೇನಿಲ್ಲ ಅತ್ತೆ. ಇದರ ವಿಳಾಸ ಅದಕ್ಕೆ, ಅದರದ್ದು ಇದಕ್ಕೆ ಹೇಳಿ, ಎರಡಕ್ಕೂ ಒಂದೇ ಕೀಲಿ ಕೊಟ್ಟರಾಯ್ತು."

"ಆ ಕಡೆಯಿಂದ ಏನಾದ್ರೂ ಈ ಕಡೆ ಬಂದ್ಬಿಟ್ರೆ?"

ನಕ್ಕುಬಿಟ್ಟೆ. (ನಗಬಾರದಿತ್ತು.)

ಕೊನೆಗೆ ರೂಟರ್ ನನ್ನನ್ನೇ ಕೇಳಿತು: ಡಿಸ್ಕಿಗೆ ಮಾತ್ರ ದಾರಿ ಬಿಡಲೋ, ಎರಡು ಜಾಗವನ್ನೂ ಒಂದೇ ಮನೆಯೆಂದು ತಿಳಿಯಲೋ? ಎರಡನೆಯದು ಉದಾರವಾಗಿ ಕಂಡಿತು. ಒತ್ತಿದೆ. ಫೋಟೊಗಳು ಓಡೋಡಿ ಬಂದವು. ಇಂಥ ಮಹತ್ಕಾರ್ಯ ಮಾಡಿದ ದೇಹಕ್ಕೆ ವಿಶ್ರಾಂತಿ ಬೇಡವೇ? ಮಂಚಕ್ಕೆ ಒರಗಿದೆ.

ಮನೆಯಲ್ಲಿ ನಡೆದದ್ದನ್ನು ಆಮೇಲೆ ವಿಚಾರಿಸಿ ತಿಳಿದೆ. ನನ್ನಾಕೆ ತಾಯಿಯನ್ನು ಕಾಫಿಗೆ ಕರೆಯಲು ಗುಂಡಿ ಒತ್ತಿದಳು. ತಾಯಿ ಬಂದರು, ಸ್ಪೀಕರಿನಿಂದ ಗೊರಕೆಯೂ ಬಂತು. ಇಬ್ಬರೂ ಸೌಟು ಹಿಡಿದು ಮಂಚದಡಿ, ಕಪಾಟಿನೊಳಗೆ ಹುಡುಕಿದರು.

"ಕಳ್ಳ ಇರಬೇಕು ಕಣೇ!"

"ಕಳ್ಳ ಬಂದು ಮಲಗ್ತಾನೇನಮ್ಮಾ? ತಡಿ, ಈ ರಾಗ ಮದುವೆಯಾದಾಗಿಂದ ಕೇಳ್ತಿದೀನಿ."

ನನ್ನ ದಿಂಬಿನ ಪಕ್ಕದ ಸ್ಪೀಕರಿನಿಂದ ಧ್ವನಿ ಎದ್ದಿತು: "ರೀ! ವರದಿ ಎಲ್ಲಿಗೆ ಬಂತು?"

ಧಡಕ್ಕನೆ ಎದ್ದು ಕೂತೆ. "ಕೊನೇ ಪ್ಯಾರಾ ನಡೀತಿದೆ."

"ಕೇಳಿಸ್ತು. ಮಧ್ಯೆ ಒಂದ್ಸಲ ಉಸಿರೂ ಕಟ್ಟಿತ್ತು."

ಸಂಜೆ ಮನೆಯಲ್ಲಿ ವಿಚಾರಣೆ. ಸುರಂಗ ಮುಚ್ಚಿಬಿಡುತ್ತೇನೆಂದೆ.

"ಮುಚ್ಚಬೇಡಿ," ಎಂದರು ಅತ್ತೆ. "ಅಲ್ಲಿ ಅಷ್ಟು ಒಳ್ಳೇ ನಿದ್ದೆ ಬರುತ್ತಾ?"

"ಬಹಳ," ಎಂದು ಬಾಯಿತಪ್ಪಿ ಅಂದೆ.

"ಇಲ್ಲಿ ಈ ಕುಕ್ಕರ್ ಕಾಟಕ್ಕೆ ಮಧ್ಯಾಹ್ನ ನನಗೆ ಕಣ್ಣೇ ಹತ್ತಲ್ಲ."

"ನೀನು ಅಲ್ಲೇ ಮಲಗಮ್ಮ," ಎಂದಳು ನನ್ನಾಕೆ. "ಎರಡೂ ಒಂದೇ ಮನೆ ಅಂತ ಇವರೇ ರೂಟರಿಗೆ ಹೇಳಿಲ್ವಾ?"

ಈಗ ಅಡುಗೆಮನೆ ಪಕ್ಕದ ಊಟದ ಮೇಜಿನಲ್ಲಿ ಕೂತು ಬರೆಯುತ್ತಿದ್ದೇನೆ. ಸುರಂಗ ಒಮ್ಮೆಯೂ ಕೈಕೊಟ್ಟಿಲ್ಲ. ತಾಯಿ ಹೇಗಿದ್ದಾರೋ ಎಂದು ನನ್ನಾಕೆ ಆಗಾಗ ಗುಂಡಿ ಒತ್ತುತ್ತಾಳೆ. ಎರಡು ಬೀದಿಯಾಚೆಯ ನನ್ನ ಮಂಚದಿಂದ ಅತ್ತೆಯ ಗೊರಕೆ ಸುಸ್ಪಷ್ಟವಾಗಿ ಕೇಳಿಸುತ್ತದೆ.

"ಷ್! ಟೈಪ್ ಮಾಡೋದು ಸ್ವಲ್ಪ ಮೆಲ್ಲಗೆ ರೀ," ಎನ್ನುತ್ತಾಳೆ. "ಅಲ್ಲಿ ಅಮ್ಮನಿಗೆ ಎಚ್ಚರ ಆಗುತ್ತೆ."