ಹಿಲ್ಡಾಳ ವಾಕ್ಯಗಳು

ಹೆಂಡತಿ ಮನೆಯಲ್ಲಿಲ್ಲ ಎಂಬುದು ಗಂಡನಿಗೆ ಎಷ್ಟು ಹೊತ್ತಿಗೆ ಗೊತ್ತಾಗಬೇಕು? ಬೇರೆ ಗಂಡಂದಿರ ವಿಷಯ ನಾನರಿಯೆ. ನನಗೆ ಗೊತ್ತಾಗಲು ಆರು ಗಂಟೆ ಹಿಡಿಯಿತು. ಇನ್ನೂ ಚಹಾ ಬರಲಿಲ್ಲವಲ್ಲ ಎಂದು ಅಡುಗೆಮನೆಗೆ ಇಣುಕಿದರೆ ಕೆಟಲ್ ತಣ್ಣಗಿತ್ತು, ಹಿಲ್ಡಾಳ ಕೋಟು ಗೂಟದಲ್ಲಿರಲಿಲ್ಲ. ಮಹಡಿಗೆ ಹೋಗಿ ಕರೆದೆ, ಹಿತ್ತಲಿಗೆ ಹೋಗಿ ಕರೆದೆ, ಕೊನೆಗೆ ಕಲ್ಲಿದ್ದಲಿನ ಕೋಣೆಯ ಬಾಗಿಲನ್ನೂ ತೆಗೆದು ನೋಡಿದೆ. (ಅಲ್ಲೇಕೆ ನೋಡಿದೆ ಎಂದು ಕೇಳಬೇಡಿ. ಗಾಬರಿಯಾದ ಮನುಷ್ಯ ಎಲ್ಲಾದರೂ ನೋಡುತ್ತಾನೆ.)

ಪಕ್ಕದ ಮನೆಯ ಮಿಸೆಸ್ ಸಗ್ಡನ್ ಗೋಡೆಯಾಚೆ ಬಟ್ಟೆ ಒಣಹಾಕುತ್ತಿದ್ದಳು.

"ಹಿಲ್ಡಾ ಸ್ಕಾರ್ಬರೋಗೆ ಹೋದ್ಲಲ್ಲ, ಅಕ್ಕನ ಮನೆಗೆ. ನಿಮಗೆ ಹೇಳ್ಲಿಲ್ವಾ ಮಿಸ್ಟರ್ ಹೋಲ್ರಾಯ್ಡ್?"

"ಹೇಳಿದ್ಲು, ಹೇಳಿದ್ಲು," ಎಂದೆ. ಮಾನ ಉಳಿಸಿಕೊಳ್ಳಲು ಸುಳ್ಳು ಹೇಳಿದೆ ಅಂದುಕೊಂಡೆ. ಆಮೇಲೆ ನೋಡಿದರೆ ಅದು ಸತ್ಯವೇ ಆಗಿತ್ತು.

ನನ್ನ ವೃತ್ತಾಂತವನ್ನು ಸ್ವಲ್ಪ ಹೇಳಬೇಕು. ಹ್ಯಾಲಿಫ್ಯಾಕ್ಸಿನ ಗಂಡುಮಕ್ಕಳ ಶಾಲೆಯಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷ್ ವ್ಯಾಕರಣ ಕಲಿಸಿದವನು ನಾನು. ನಮ್ಮ ಜನ ದಿನಬಳಕೆಯಲ್ಲಿ ಮಾತನ್ನು ಯಾವ ಯಾವ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ ಎಂಬುದರ ಬಗ್ಗೆ ಒಂದು ಮಹಾಗ್ರಂಥ ಬರೆಯಬೇಕೆಂಬುದು ನನ್ನ ಸಂಕಲ್ಪ. ಬಸ್ಸಿನಲ್ಲಿ, ಕಸಾಯಿ ಅಂಗಡಿಯಲ್ಲಿ, ಚರ್ಚಿನಲ್ಲಿ ಕಿವಿಗೆ ಬಿದ್ದ ವಾಕ್ಯವನ್ನು ಚೀಟಿಯಲ್ಲಿ ಗೀಚಿಕೊಂಡು, ಮನೆಗೆ ಬಂದು ಬೂಟಿನ ಪೆಟ್ಟಿಗೆಗಳಲ್ಲಿ ವಿಂಗಡಿಸುತ್ತೇನೆ. 'ತಪ್ಪು ತಿಳ್ಕೋಬೇಡ, ಆದ್ರೆ' ಎಂದು ಶುರುವಾಗುವ ಬೈಗುಳಗಳಿಗೆ ಒಂದು ಪೆಟ್ಟಿಗೆ. 'ಮಾಡಬೇಕು ಅಂತಾನೇ ಇದ್ದೆ, ಅಷ್ಟರಲ್ಲಿ' ಎನ್ನುವ ಸೋಮಾರಿಗಳಿಗೆ ಒಂದು. 'ಚಳಿ ಅಲ್ವಾ?' ಎಂಬಂತೆ ಉತ್ತರ ಬೇಡದ ಪ್ರಶ್ನೆಗಳಿಗೆ ಎರಡು, ಏಕೆಂದರೆ ನಮ್ಮೂರಿನ ಹವೆಗೆ ಒಂದು ಸಾಲದು.

ಈ ಸಂಗ್ರಹದ ಅಕ್ಷಯ ಪಾತ್ರೆ ಹಿಲ್ಡಾ. ಅವಳು ಬಾಯಿ ತೆರೆದರೆ ನಾನು ಪೆನ್ನು ತೆರೆಯುತ್ತಿದ್ದೆ.

ಆ ಸಂಜೆ ಪೆಟ್ಟಿಗೆಗಳನ್ನು ಕೆದಕಿದಾಗ, ಮುಂದೆ ನಡೆಯಲಿರುವುದನ್ನು ಹೇಳುವ ವಾಕ್ಯಗಳ ನಡುವೆ ಸಿಕ್ಕಿತು, ನನ್ನದೇ ಮುದ್ದಾದ ಕೈಬರಹದಲ್ಲಿ: 'ಗುರುವಾರ ಮೇವಿಸ್ ಮನೆಗೆ ಹೋಗ್ತಿದೀನಿ, ಹದಿನೈದು ದಿನ ಇರ್ತೀನಿ, ಫ್ರಿಜ್ಜಲ್ಲಿ ಪೈ ಇದೆ, ಕೇಳಿಸ್ತಾ?' ಕೆಳಗೆ ಕೆಂಪು ಶಾಯಿಯಲ್ಲಿ ನನ್ನ ಟಿಪ್ಪಣಿ: 'ಬಹಳ ಸೊಗಸಾದ ಉದಾಹರಣೆ.' ಈಗ ನೆನಪಾಯಿತು, ಇನ್ನೊಮ್ಮೆ ಹೇಳು ಎಂದು ಕೇಳಿದ್ದೆ ಕೂಡ. ಪಾಪ, ಅವಳು ಇನ್ನೊಮ್ಮೆ ನಿಧಾನವಾಗಿ ಹೇಳಿದ್ದಳು. ಗಂಡನಿಗೆ ಕಾಳಜಿ ಎಂದುಕೊಂಡಿರಬೇಕು. ನನಗೆ ಬೇಕಾಗಿದ್ದದ್ದು ಪದಗಳ ಕ್ರಮ.

ಪೈ ಎರಡು ದಿನಕ್ಕೆ ಮುಗಿಯಿತು. ಆಮೇಲೆ ಡಬ್ಬಿಯ ಬೀನ್ಸು ಮತ್ತು ಸುಟ್ಟ ಬ್ರೆಡ್ಡು. ಊಟದ ಕಷ್ಟ ಹೇಗೋ ತಡೆದೆ. ತಡೆಯಲಾಗದ್ದು ಮನೆಯ ಸದ್ದಿಲ್ಲದಿರುವಿಕೆ. ಸುತ್ತಮುತ್ತ ಮಾತಿಲ್ಲದ ವಾಕ್ಯಸಂಗ್ರಾಹಕ ಎಂದರೆ ಏನು ಹೇಳಲಿ, ಮೀನಿಲ್ಲದ ಕೊಳದಲ್ಲಿ ಗಾಳ ಹಾಕಿ ಕೂತವನು. ನಾಲ್ಕನೇ ದಿನ ಹಿಲ್ಡಾಳ ಚೀಟಿಗಳನ್ನು ಮೇಜಿನ ಮೇಲೆ ಹರಡಿ ಗಟ್ಟಿಯಾಗಿ ಓದತೊಡಗಿದೆ, ಅವಳ ದನಿಯನ್ನು ಅನುಕರಿಸಿ. (ಮಿಸೆಸ್ ಸಗ್ಡನ್ ಕಿಟಕಿಯಿಂದ ನೋಡಿ ಪರದೆ ಎಳೆದುಕೊಂಡಳು.)

'ಹೀಗಾಗಿದ್ದರೆ ಚೆನ್ನಾಗಿತ್ತು' ಎಂಬ ಅಚ್ಚಿನ ಪೆಟ್ಟಿಗೆ ಎಲ್ಲಕ್ಕಿಂತ ಭಾರವಾಗಿತ್ತು. 'ನಾವೂ ಒಂದು ಸಲ ಡಾನ್ಸಿಗೆ ಹೋಗಿದ್ರೆ ಚೆನ್ನಾಗಿತ್ತು.' 'ನೀನು ಆ ಪೆನ್ನು ಕೆಳಗಿಟ್ಟಿದ್ರೆ ಚೆನ್ನಾಗಿತ್ತು.' ಅದನ್ನು ಅದೇ ಪೆನ್ನಿನಲ್ಲಿ ಬರೆದಿದ್ದೆ. ಅದರ ಹಿಂದಿನ ಚೀಟಿ: 'ಮಗು ಉಳ್ಕೊಂಡಿದ್ರೆ ಇವತ್ತಿಗೆ ಅವಳಿಗೆ ಮೂವತ್ತು ತುಂಬ್ತಿತ್ತು.' ಕೆಳಗೆ ಕೆಂಪು ಶಾಯಿ: 'ಮಾದರಿ ಸರಿಯಾಗಿದೆ.'

ಅದನ್ನು ಗಟ್ಟಿಯಾಗಿ ಓದಲಿಲ್ಲ. ಆ ದಿನ ನಾನು ಬೀನ್ಸನ್ನೂ ತಿನ್ನಲಿಲ್ಲ. ಮರುದಿನ ಸ್ಕಾರ್ಬರೋಗೆ ಫೋನ್ ಮಾಡಿದೆ.

"ಏನು ತಿಂತಿದೀಯ?" ಎಂದಳು ಹಿಲ್ಡಾ.

"ಬೀನ್ಸ್."

"ನಿನ್ನೆ?"

"ನಿನ್ನೆ ಏನೂ ಇಲ್ಲ. ಮೊನ್ನೆ ಬೀನ್ಸ್. ಹಿಲ್ಡಾ, ಸ್ವಲ್ಪ ಬೇಗ ಬಂದ್ಬಿಡು."

"ಯಾಕೆ, ವಾಕ್ಯ ಖಾಲಿಯಾಯ್ತಾ?"

ಫೋನಿನ ತಂತಿಯನ್ನು ಬೆರಳಿಗೆ ಸುತ್ತಿಕೊಂಡೆ.

"ನೋಡು ನಾರ್ಮನ್," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಎಷ್ಟೋ ವಾಸಿ. "ಮೇವಿಸ್‌ಗೆ ಕಿವಿ ಮಂದ. ನಾನು ಮಾತಾಡುವಾಗ ತುಟಿ ನೋಡಿ ತಿಳ್ಕೋಬೇಕು ಅಂತ ನನ್ನ ಮುಖಾನೇ ನೋಡ್ತಾ ಕೂತಿರ್ತಾಳೆ. ಮೂವತ್ತೆಂಟು ವರ್ಷದಿಂದ ನೀನು ನೋಡಿದ್ದು ಪೆನ್ನಿನ ಮೊನೆ. ನಂಗಿಲ್ಲಿ ಹಿತವಾಗಿದೆ. ಭಾನುವಾರ ಫೋನ್ ಮಾಡು."

ಭಾನುವಾರದ ಹೊತ್ತಿಗೆ ನನಗೆ ಜ್ಞಾನೋದಯವಾಗಿತ್ತು. ಪೆನ್ನು, ಪೆನ್ಸಿಲ್, ಚೀಟಿ ಎಲ್ಲವನ್ನೂ ಮಹಡಿಯ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಫೋನಿನ ಪಕ್ಕ ಕುರ್ಚಿ ಹಾಕಿಕೊಂಡು, ಬರೆಯುವ ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತೆ. ಹಿಲ್ಡಾ ಒಂದು ಗಂಟೆ ಮಾತಾಡಿದಳು, ನಾನು ಒಂದು ಗಂಟೆ ಕೇಳಿದೆ. ಸಮುದ್ರದ ದಂಡೆಯಲ್ಲಿ ಕಡಲಹಕ್ಕಿಯೊಂದು ಮೇವಿಸಳ ಕೈಯಿಂದ ಮೀನಿನ ತುಂಡು ಕಸಿದದ್ದು, ಅಲ್ಲಿಯ ಪಾದ್ರಿಗಳು ಹೊಸ ಹಲ್ಲಿನ ಸೆಟ್ಟು ಹಾಕಿಸಿಕೊಂಡು ಪ್ರವಚನದುದ್ದಕ್ಕೂ ಶಿಳ್ಳೆ ಹೊಡೆದದ್ದು, ಅಕ್ಕನಿಗೆ ಮೆಟ್ಟಿಲು ಹತ್ತಲಾಗದ್ದು. ನಡುವೆ ನಾನು ನಕ್ಕೆ. ಅವಳೂ ನಕ್ಕಳು. ಯಾವ ವಾಕ್ಯ ಯಾವ ಅಚ್ಚಿನದು ಎಂದು ಒಂದು ಸಲವೂ ಯೋಚಿಸಲಿಲ್ಲ, ಪ್ರಮಾಣ ಮಾಡಿ ಹೇಳುತ್ತೇನೆ.

"ಹಾಗಾದ್ರೆ ಸರಿ, ಮರೀಬೇಡ," ಎಂದು ಅವಳು ಫೋನಿಟ್ಟ ಮೇಲೆ ನನಗೆ ಹೊಳೆಯಿತು: ಏನನ್ನು?

ಗುರುವಾರ ಎಂದಿದ್ದಳು. ನಾಲ್ಕು ಗಂಟೆ ಎಂದಿದ್ದಳು. ರೈಲು ಎಂದಿದ್ದಳು. ಮಿಕ್ಕಿದ್ದೆಲ್ಲ ಪಾದ್ರಿಗಳ ಹಲ್ಲಿನ ಜೊತೆ ಕಲಸಿಹೋಗಿತ್ತು. ಮತ್ತೆ ಫೋನ್ ಮಾಡಿ ಕೇಳಬಹುದಿತ್ತು. ಆದರೆ ಜನ್ಮಕ್ಕೊಮ್ಮೆ ಕಿವಿಗೊಟ್ಟು ಕೇಳಿ, ಅದೇ ದಿನ 'ಏನಂದೆ?' ಎನ್ನಲು ಯಾವ ಗಂಡನಿಗೆ ಎದೆ ಇದ್ದೀತು?

ಗುರುವಾರ ಕ್ಷೌರ ಮಾಡಿಕೊಂಡು, ಟೈ ಕಟ್ಟಿ, ಛತ್ರಿ ಹಿಡಿದು ನಾಲ್ಕಕ್ಕೆ ಮೊದಲೇ ಸ್ಟೇಷನ್ನಿಗೆ ಹೋದೆ. ರೈಲು ಬಂತು, ಹಿಲ್ಡಾ ಬರಲಿಲ್ಲ. ಮುಂದಿನದರಲ್ಲೂ ಇಲ್ಲ. ಬಹುಶಃ ಶುಕ್ರವಾರ ಎಂದಿರಬೇಕು ಎಂದುಕೊಂಡು ಶುಕ್ರವಾರವೂ ಹೋದೆ. ಶನಿವಾರ ಟಿಕೆಟ್ ಕಿಟಕಿಯ ಹೆಂಗಸು, "ಇವತ್ತೂ ಬರ್ಲಿಲ್ವಾ ಬಂಗಾರ?" ಎಂದಳು. (ಯಾರ್ಕ್‌ಷೈರಿನಲ್ಲಿ ಎಲ್ಲರೂ ಬಂಗಾರವೇ, ಇದರಿಂದ ಮೈಮರೆಯಬಾರದು.) ಆದರೂ ಆ ವಾರವಿಡೀ ನನ್ನನ್ನು ಮಾತಾಡಿಸಿದವಳು ಅವಳೊಬ್ಬಳೇ. ಭಾನುವಾರ ಅವಳಿಗೂ ರಜೆ. ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ನಾನೊಬ್ಬನೇ ಕೂತು, ಇಳಿದು ಬಂದವರೆಲ್ಲರ ಕೋಟುಗಳನ್ನು ನೋಡಿದೆ.

ಮನೆಯ ಬಾಗಿಲು ತೆರೆಯುವಾಗ ಫೋನು ಹೊಡೆದುಕೊಳ್ಳುತ್ತಿತ್ತು.

"ಅಂತೂ ಮನೇಲಿದೀಯ," ಎಂದಳು ಹಿಲ್ಡಾ. "ಗುರುವಾರ ನಾಲ್ಕಕ್ಕೆ ಫೋನ್ ಮಾಡ್ತೀನಿ, ಯಾವ ರೈಲು ಅಂತ ಹೇಳ್ತೀನಿ, ಎಲ್ಲೂ ಹೋಗ್ಬೇಡ ಅಂದಿದ್ನಲ್ಲ? ನಾಲ್ಕು ದಿನದಿಂದ ದಿನಾ ನಾಲ್ಕಕ್ಕೆ ಮಾಡ್ತಾನೇ ಇದೀನಿ."

ಛತ್ರಿಯನ್ನು ಗೋಡೆಗೆ ಒರಗಿಸಿದೆ.

"ಮಿಸೆಸ್ ಸಗ್ಡನ್‌ಗೆ ಮಾಡಿ ಕೇಳ್ದೆ. ದಿನಾ ಮಧ್ಯಾಹ್ನ ಟೈ ಕಟ್ಕೊಂಡು, ಸೆಂಟು ಹಾಕ್ಕೊಂಡು ಎಲ್ಲಿಗೋ ಹೋಗ್ತಾರೆ ಅಂದ್ಲು. ಸರಿ, ಅವನ ಪಾಡಿಗೆ ಅವನು ಚೆನ್ನಾಗಿದಾನೆ ಅಂತ, ಈಸ್ಟರ್ ಮುಗಿಯೋವರೆಗೂ ಇರ್ತೀನಿ ಅಂತ ಮೇವಿಸ್‌ಗೆ ಮಾತು ಕೊಟ್ಬಿಟ್ಟೆ."

"ಈಸ್ಟರ್‌ಗೆ ಇನ್ನೂ ಐದು ವಾರ ಇದೆ, ಹಿಲ್ಡಾ."

"ಗೊತ್ತು. ದಿನಾ ಎಲ್ಲಿಗೆ ಹೋಗ್ತಿದ್ದೆ?"

"ಸ್ಟೇಷನ್ನಿಗೆ."

"ಯಾರನ್ನ ಕರ್ಕೊಂಡು ಬರೋಕೆ?"

"ನಿನ್ನನ್ನೇ."

ಆ ಕಡೆ ಅಳುತ್ತಿದ್ದಾಳೇನೋ ಎಂದು ಹೆದರಿದೆ. ಆಮೇಲೆ, ಕಿವಿ ಮಂದವಾದವರಿಗೆ ಕೂಗಿ ಹೇಳುವ ದನಿಯಲ್ಲಿ, "ಮೇವಿಸ್, ಇಲ್ಲಿ ಕೇಳು. ನಾಲ್ಕು ದಿನ ಸ್ಟೇಷನ್ನಲ್ಲಿ ಕಾಯ್ತಾ ಕೂತಿದ್ನಂತೆ," ಎಂದಳು. ಮೇವಿಸ್ "ಯಾರು?" ಎಂದಳು. "ನಮ್ಮ ನಾರ್ಮನ್," ಎಂದಳು ಹಿಲ್ಡಾ. ಇಬ್ಬರೂ ನಗತೊಡಗಿದರು. ಉಸಿರು ಕಟ್ಟುವಂಥ ನಗು. ನಾನು ಕೋಟು ಕೂಡ ಬಿಚ್ಚದೆ, ಕತ್ತಲಾದ ಪಡಸಾಲೆಯಲ್ಲಿ ಫೋನು ಕಿವಿಗೊತ್ತಿಕೊಂಡು, ಅವರು ಬೇಗ ನಿಲ್ಲಿಸದಿರಲಿ ಎಂದು ನಿಂತೇ ಇದ್ದೆ.