ತಜ್ಞರು ಹತ್ತಿದ ಕಮಲಾಪುರ ಬಸ್ಸು

ಮೀಟಿಂಗಿನಲ್ಲಿ ಕೈ ಎತ್ತಿದ್ದೇ ದೇವೀಂದ್ರಪ್ಪ ಮಾಡಿದ ತಪ್ಪು. ಬೇಕಂತ ಎತ್ತಿದ್ದೂ ಅಲ್ಲ. ಕಮಲಾಪುರದಿಂದ ಕಲಬುರಗಿವರೆಗೆ ಬಸ್ಸಿನಲ್ಲಿ ನಿಂತು ಬಂದು ಹೆಗಲು ಜೋಮು ಹಿಡಿದಿತ್ತು. ಸ್ವಲ್ಪ ಸಡಿಲವಾಗಲಿ ಅಂತ ಕೈಯನ್ನು ಮೇಲಕ್ಕೆತ್ತಿದ. ಸರಿಯಾಗಿ ಅದೇ ಹೊತ್ತಿಗೆ ಅರುಣಕುಮಾರ ಸಾಹೇಬರು, “ಈಗ ಬರೋ ತಜ್ಞರಿಗೆ ನಮ್ಮೂರಿನ ರೈಲು, ಬಸ್ಸು ತೋರಿಸ್ಲಿಕ್ಕೆ ಯಾರು ಹೋಗ್ತೀರಿ?” ಅಂತ ಕೇಳಿ ಮುಗಿಸಿದ್ದರು.

“ಶಾಬಾಸ್ ದೇವೀಂದ್ರಪ್ಪ!” ಅಂದರು ಸಾಹೇಬರು. ಉಳಿದವರೆಲ್ಲ ಚಪ್ಪಾಳೆ ತಟ್ಟಿ, ತಾವು ಬಚಾವಾದೆವೆಂದು ಚಹಾಕ್ಕೆ ಎದ್ದರು.

ಅದು ನಗರ ಸಂಚಾರ ಯೋಜನಾ ಕಚೇರಿ. ಜನ ಬಸ್ಸಿನಲ್ಲಿ ಓಡಾಡಬೇಕು ಅಂತ ಊರಿಗೆಲ್ಲ ಬುದ್ಧಿ ಹೇಳುವುದೇ ಅಲ್ಲಿಯ ಕೆಲಸ. ಬುದ್ಧಿ ಹೇಳುವವರ ಕಾರುಗಳು ಕಾಂಪೌಂಡಿನಲ್ಲಿ ಹಿಡಿಸದೆ ರಸ್ತೆಯಲ್ಲಿ ನಿಲ್ಲುತ್ತಿದ್ದವು. ಮೋಟರ್ ಸೈಕಲ್ ಹತ್ತಿದರೆ ತಲೆ ತಿರುಗುವ ದೇವೀಂದ್ರಪ್ಪನದೊಂದೇ ಆಸೆ: ಕಮಲಾಪುರದಲ್ಲಿ ಮನೆಯ ಹಿಂದಿನ ಓಣಿಯಲ್ಲೇ ಇರುವ ಶಾಖೆಗೆ ವರ್ಗವಾಗಿ, ಉಂಡು, ಎಲೆ ಅಡಿಕೆ ಹಾಕಿಕೊಂಡು, ಚಪ್ಪಲಿ ಎಳೆಯುತ್ತ ಕೆಲಸಕ್ಕೆ ಹೋಗಬೇಕು.

ಸಾಹೇಬರಿಗೆ ಅದು ಗೊತ್ತಿತ್ತು. “ಇದೊಂದು ಚಂದಂಗ ಮಾಡು. ನಿನ್ನ ಬದ್ಲಿ ಆರ್ಡರ್ ಸಂಜಿಗೇ ಕೊಡ್ತೀನಿ. ಕಮಲಾಪುರಕ್ಕ ಹೋಗ್ತಾ ರೈಲು, ಬರ್ತಾ ನಮ್ಮ ಎಸಿ ಬಸ್ಸು. ಬ್ಯಾನರ್ ಕಟ್ಟಿಸಿ ಅಲ್ಲೇ ನಿಂದ್ರಿಸೀನಿ. ನಡುವ ಅವ್ರಿಗೆ ಬ್ಯಾರೆ ಏನೂ ಕಾಣಬಾರದು, ತಿಳೀತಿಲ್ಲೋ?”

ಸ್ಟೇಷನ್ನಿನಲ್ಲಿ ತಜ್ಞರು ಸಿಕ್ಕರು. ಕೊರಳಲ್ಲಿ ಬಿಲ್ಲೆ, ಕೈಯಲ್ಲಿ ನೀರಿನ ಬಾಟಲಿ, ಒಟ್ಟು ನಾಲ್ಕು ಮಂದಿ. ಮುಂದಾಳು ಬೆಂಗಳೂರಿನ ಸುನಂದಾ ಮೇಡಂ. ಉಳಿದ ಮೂವರು ದೂರದ ಊರಿನವರು. ಏನು ಕಂಡರೂ “ಇಂಟರೆಸ್ಟಿಂಗ್” ಅನ್ನುತ್ತಿದ್ದರು. ಪ್ಲಾಟ್‌ಫಾರ್ಮಿನ ಗಡಿಯಾರ ಇಂಟರೆಸ್ಟಿಂಗ್. ನಳ ಇಂಟರೆಸ್ಟಿಂಗ್. ನಳದ ಕೆಳಗೆ ಮಲಗಿದ್ದ ನಾಯಿ ವೆರಿ ಇಂಟರೆಸ್ಟಿಂಗ್.

“ಮೇಡಂ, ಗಾಡಿ ಹೊಂಟತ್ರೀ!”

“ಒಂದೇ ನಿಮಿಷ, ಈ ಬೆಂಚಿನ ಎತ್ತರ ಅಳೆದುಬಿಡೋಣ.”

ಬೆಂಚಿನ ಎತ್ತರ ಸಿಕ್ಕಿತು. ಗಾಡಿ ಸಿಗಲಿಲ್ಲ. ಹೇಳಿದ ಟೈಮಿಗೇ ಹೊರಟುಹೋಗಿತ್ತು.

ದೇವೀಂದ್ರಪ್ಪ ಫೋನು ತೆಗೆದ. ಕಾರು ತರಿಸುತ್ತೇನೆ ಅಂದ. ಮೇಡಂ ಒಪ್ಪಲಿಲ್ಲ. “ನಾವು ಸಾರ್ವಜನಿಕ ಸಾರಿಗೆಯವರು. ಜನ ಹೇಗೆ ಹೋಗ್ತಾರೋ ಹಾಗೇ ಹೋಗೋಣ.”

ಸ್ಟೇಷನ್ನಿನಿಂದ ಬಸ್ ಸ್ಟ್ಯಾಂಡಿಗೆ ಜನ ಹೋಗುವುದು ಶೇರ್ ಆಟೋದಲ್ಲಿ. ಆಗಲೇ ತುಂಬಿದ್ದ ಆಟೋದೊಳಗೆ ಚಾಲಕ ಇವರನ್ನೂ ಹಾಸಿಗೆ ಸುರುಳಿ ಕಟ್ಟಿದಂತೆ ಕಟ್ಟಿ ತುಂಬಿದ. ದಪ್ಪನೆಯ ತಜ್ಞರೊಬ್ಬರು ಅರ್ಧ ಒಳಗೆ, ಅರ್ಧ ಹೊರಗೆ ಇದ್ದುಕೊಂಡೇ, “ಒಂದಿಂಚು ಜಾಗವೂ ವ್ಯರ್ಥವಾಗಿಲ್ಲ!” ಅಂತ ಇಂಗ್ಲಿಷಿನಲ್ಲಿ ಕೂಗಿದರು. ಬಸ್ ಸ್ಟ್ಯಾಂಡಿನಲ್ಲಿ ಕಮಲಾಪುರದ ಬಸ್ಸು ನಿಲ್ಲುವ ಮೊದಲೇ ಕಿಟಕಿಗಳಿಂದ ಟವೆಲ್ಲು, ಚೀಲ, ಒಂದು ಕೂಸು ಒಳಗೆ ಹೋದವು. “ಆ್ಯಪ್ ಇಲ್ಲದೇ ಮುಂಗಡ ಕಾಯ್ದಿರಿಸುವಿಕೆ!” ಅಂತ ಮೇಡಂ ಕಣ್ಣರಳಿಸಿದರು.

ಒಳಗೆ ಕಾಲಿಡಲು ಜಾಗವಿರಲಿಲ್ಲ. ದೇವೀಂದ್ರಪ್ಪ ಹಲ್ಲು ಕಿರಿದ. “ದಿನಾ ಹಿಂಗಿರಲ್ರೀ ಮೇಡಂ. ಇವತ್ತು ಸಂತಿ ಅದ, ಅದಕ್ಕ.”

“ಇವತ್ತ್ಯಾವ ಸಂತಿನೋ ದೇವೀಂದ್ರ?” ಹಿಂದಿನಿಂದ ದನಿ ಬಂತು. ಪಕ್ಕದ ಮನೆಯ ಶೇವಂತಾಬಾಯಿ. ಉಳ್ಳಾಗಡ್ಡಿ ಚೀಲದ ಮೇಲೆ ಪಟ್ಟದರಸಿಯಂತೆ ಕೂತಿದ್ದಳು. “ದೊಡ್ಡವ್ರ ಮುಂದ ಸುಳ್ಳ್ಯಾಕ ಹೇಳ್ತಿ? ಮೇಡಂ, ದಿನಾ ಹಿಂಗೇ ರೀ. ಈತ ದಿನಾ ನಿಂತೇ ಬರ್ತಾನ, ನಿಂತೇ ಹೋಗ್ತಾನ. ಇವನ ಹೇಣ್ತಿ ರಾತ್ರಿ ಕಾಲಿಗಿ ತಿಕ್ಕೋ ಎಣ್ಣಿ ನಮ್ಮ ಮನಿತನಾ ವಾಸನಿ ಬರ್ತದ!”

“ಸುಮ್ನಿರು ಚಿಗವ್ವ!”

“ನಾ ಯಾಕ ಸುಮ್ನಿರ್ಲಿ? ಕೇಳಾಕತ್ತಾರ, ಹೇಳಾಕತ್ತೀನಿ.”

ಮೇಡಂ ಅವಳ ಪಕ್ಕದಲ್ಲೇ ಚೀಲದ ಮೇಲೆ ಕೂತು ಎಲ್ಲವನ್ನೂ ಬರೆದುಕೊಂಡರು. ದೇವೀಂದ್ರಪ್ಪನಿಗೆ ವರ್ಗದ ಆರ್ಡರು ಕಿಟಕಿಯಿಂದ ಹಾರಿಹೋದಂತೆ ಕಂಡಿತು.

ಊರು ದಾಟಿದ ಮೇಲೆ ಬಸ್ಸು ಕೆಮ್ಮಿ, ಸೀನಿ ನಿಂತಿತು. ಕಂಡಕ್ಟರ್ ಗುಫ್ರಾನ್ ಸೀಟಿ ಊದಿದ. “ಗಂಡಸ್ರೆಲ್ಲ ಇಳೀರಿ ಭಾಯಿ, ಥೋಡಾ ನೂಕ್ರಿ!” ಮೂವರು ತಜ್ಞರೂ ಬಿಲ್ಲೆಗಳನ್ನು ಬೆನ್ನಿಗೆ ಹಾಕಿಕೊಂಡು ನೂಕಿದರು. ಹೊಗೆ ಬುಸ್ಸೆಂದು ಬಂದು ಮೂವರ ಮುಖವೂ ಹೆಂಚಿನ ತಳವಾಯಿತು. ದೇವೀಂದ್ರಪ್ಪ ಕಣ್ಣು ಮುಚ್ಚಿಕೊಂಡ. ಕಣ್ಣು ತೆರೆದಾಗ ಅವರು ಒಬ್ಬರ ಫೋಟೊ ಒಬ್ಬರು ತೆಗೆದುಕೊಳ್ಳುತ್ತಿದ್ದರು. “ಸಮುದಾಯದ ಸಹಭಾಗಿತ್ವ,” ಅಂತ ಮೇಡಂ ತಲೆದೂಗಿದರು. “ನಾವು ಎಷ್ಟು ಸಮ್ಮೇಳನಗಳಲ್ಲಿ ಇದರ ಬಗ್ಗೆ ಮಾತಾಡಿದ್ದೇವೆ. ಕಣ್ಣಾರೆ ಕಂಡದ್ದು ಇವತ್ತೇ!”

ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ತಿಂದು, ಎಸಿ ಬಸ್ಸಿನಲ್ಲಿ ನಿದ್ದೆ ಹೊಡೆಯುತ್ತ ಎಲ್ಲರೂ ಕಲಬುರಗಿಗೆ ಮರಳಿದರು.

ಸಂಜೆ ಕಚೇರಿಯಲ್ಲಿ ಬೀಳ್ಕೊಡುಗೆ. ಮೇಡಂ ಮೈಕು ಹಿಡಿದರು. “ಇವತ್ತಿನ ಬಹುದೊಡ್ಡ ಪಾಠ ದೇವೀಂದ್ರಪ್ಪನವರು. ಸಂಚಾರ ಕಚೇರಿಯ ನೌಕರ ದಿನವೂ ಬಸ್ಸಿನಲ್ಲೇ ಓಡಾಡೋದನ್ನ ನಾನು ದೇಶದಲ್ಲಿ ಬೇರೆಲ್ಲೂ ಕಂಡಿಲ್ಲ. ಇಂಥ ಕಚೇರಿಗೆ ನಮ್ಮ ಸಂಸ್ಥೆಯ ಪ್ರಶಸ್ತಿ ಕೊಡ್ತಿದ್ದೇವೆ.”

ಸಾಹೇಬರು ಉಬ್ಬಿದ ಪೂರಿಯಂತಾದರು. ದೇವೀಂದ್ರಪ್ಪನಿಗೆ ಶಾಲು ಹೊದಿಸಿ ಲಕೋಟೆ ಕೊಟ್ಟರು. ಅವನು ಅಲ್ಲೇ ಬಿಚ್ಚಿದ. ಒಳಗಿದ್ದದ್ದು ಕಮಲಾಪುರದಿಂದ ಕಲಬುರಗಿಗೆ, ನಿವೃತ್ತಿಯಾಗುವವರೆಗೂ ನಡೆಯುವ ಬಸ್ ಪಾಸು.

“ಸಾಹೇಬ್ರ, ನನ್ನ ಬದ್ಲಿ?”

ಸಾಹೇಬರು ಕಿವಿಯ ಹತ್ತಿರ ಬಗ್ಗಿದರು. “ಹುಚ್ಚಾ, ನೀ ಬದ್ಲಿ ಆಗಿ ಹೋದಿ ಅಂದ್ರ ಈ ಆಫೀಸಿಗಿ ಬಸ್ಸಿನಾಗ ಬರೋರು ಯಾರು? ಇದ್ದಾವ ನೀ ಒಬ್ಬವನೇ! ಮುಂದಿನ ವರ್ಷ ಅವ್ರು ಮತ್ತ ಬರ್ತಾರ, ನೋಡಾಕ. ಕಮಲಾಪುರಕ್ಕ ನನ್ನ ಅಳಿಯ ಹೋಗ್ತಾನ. ಅವಂದು ಕಾರು ಅದ, ತ್ರಾಸಿಲ್ಲ.”

ಶಾಲು ಹೊದ್ದುಕೊಂಡೇ ದೇವೀಂದ್ರಪ್ಪ ಸಂಜೆಯ ಬಸ್ಸು ಹತ್ತಿದ. ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು. “ಪ್ರಶಸ್ತಿ ಸಾಹೇಬ್ರು ಬಂದಾರ, ಜಾಗಾ ಬಿಡ್ರಿ!” ಅಂತ ಗುಫ್ರಾನ್ ಕಿಟಕಿ ಪಕ್ಕದ ಸೀಟು ಖಾಲಿ ಮಾಡಿಸಿದ. ವರ್ಷಗಳ ಮೇಲೆ ಮೊದಲ ಸಲ ದೇವೀಂದ್ರಪ್ಪ ಈ ಬಸ್ಸಿನಲ್ಲಿ ಕೂತ. ಬೆನ್ನು ಆನಿಸಿದ. ಕಾಲು ಚಾಚಿದ. ಕಣ್ಣಂಚಿನಲ್ಲಿ ನೀರೇ ಬಂತು.

ಅಷ್ಟರಲ್ಲಿ ಕಚೇರಿಯ ಫೋಟೊಗ್ರಾಫರ್ ಏದುಸಿರು ಬಿಡುತ್ತ ಹತ್ತಿದ. “ಸರ್, ಎದ್ದು ನಿಂದರ್ರಿ. ಸಾಹೇಬ್ರು ಹೇಳ್ಯಾರ, ಪ್ರಶಸ್ತಿ ಫೋಟೊಕ್ಕ ಕುಂತಿದ್ದು ಬ್ಯಾಡ, ನಿಂತಿದ್ದೇ ಬೇಕಂತ. ಥೋಡಾ ನಗ್ರಿ.”

ದೇವೀಂದ್ರಪ್ಪ ಎದ್ದ. ನಕ್ಕ. ಫೋಟೊ ಆಯಿತು. ತಿರುಗಿ ನೋಡಿದರೆ ಅವನ ಸೀಟಿನಲ್ಲಿ ಯಾರೋ ಪುಣ್ಯಾತ್ಮ ಆಗಲೇ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ.