ನರ್ಸ್ ಅಕ್ಕಾರ ಪೆಟ್ಟಿಗಿ

ಶವದ ಪೆಟ್ಟಿಗಿ ಮಾಡಾಂವ ನಗಬಾರ್ದು ಅಂತಾರ ಮಂದಿ. ನಾನೂ ಇವತ್ತ ನಗಬಾರ್ದು ಅನಕೋತನ ದಿನಾ ಮುಂಜಾನೆ ಅಂಗಡಿ ಬಾಗಲಾ ತಗೀತೇನಿ. ಏನ ಮಾಡೂದ್ರೀ, ಸಂಜೀಕ ಬಾಗಲಾ ಹಾಕೂದ್ರಾಗ ಏನರೆ ಒಂದ ನಡದ ಬಿಡ್ತೈತಿ. ಬೆಳಗಾವಿ ಬಿಟ್ಟು ಪೀರನವಾಡಿ ದಾಟಿದ ಮ್ಯಾಲ ಖಾನಾಪುರ ರಸ್ತೆದ ಬಾಜುಕ ನನ್ನ ಅಂಗಡಿ. ಪಲ್ಲಂಗ, ಕಪಾಟ, ಬಾಗಲಾ, ಚೌಕಟ್ಟ ಎಲ್ಲಾ ಮಾಡ್ತೇನಿ. ನಮ್ಮ ಕ್ರೈಸ್ತ ಮಂದಿಗೆ ಪೆಟ್ಟಿಗಿನೂ ಮಾಡ್ತೇನಿ. ಹೇಳಿದ ದಿನಕ್ಕ ಮಾಲ ಕೊಡೂದೊಂದ ನನ್ನ ರಕ್ತದಾಗ ಇಲ್ಲ. ಅದನ್ನ ಊರಿಗೆ ಊರ ಹೇಳ್ತೈತಿ, ನಾ ಮುಚ್ಚಿಡೂದೇನೈತಿ?

ಮೊದಲನೇ ಆರ್ಡರು

ಹರೇದಾಗ ನಂದೊಂದ ಪ್ಲಾನ್ ಇತ್ತು. ಬೆಳಗಾವಿಯೊಳಗ ಲಗ್ನ ಅಂದ್ರ ನನ್ನ ಕೈಯಾಗಿನ ಪಲ್ಲಂಗನ ಹೋಗಬೇಕು, ಬ್ಯಾರೆದ್ದ ಹೋಗಬಾರ್ದು. ಅಂಗಡಿ ತಗದ ದಿನಾ ಆಗಿನ ಪಾಸ್ಟರು ಬಂದು ಕಟಗಿ ಹೆರಿಯೂ ರಂದಾದ ಮ್ಯಾಲ ಕೈ ಇಟ್ಟು ಪ್ರಾರ್ಥನಾ ಮಾಡಿದ್ರು.

"ಕರ್ತನೇ, ನಮ್ಮ ಸಭಿಯೊಳಗಿನ ಒಬ್ಬೊಬ್ಬರೂ ಒಂದಿಲ್ಲೊಂದ ದಿನಾ ಈ ತಮ್ಮ ಮಾಡಿದ ಕಟಗಿ ಮ್ಯಾಲ ಸುಖವಾಗಿ ಮಲಗಲಿ."

ಎಲ್ಲಾರೂ ಆಮೆನ್ ಅಂದ್ವಿ. ಸಭಿ ಹಿರ್ಯಾ ಒಬ್ಬಾಂವ ಮುದಕ ಇದ್ದಾ, ಅವನ ಆಮೆನ್ ಎಲ್ಲಾರಕಿಂತ ಜೋರಿತ್ತು.

ಮರುದಿನಾ ಮುಂಜಾನೆ ಮೊದಲನೇ ಆರ್ಡರು ಬಂತು. ಪೆಟ್ಟಿಗಿದು. ಅದೂ ಆ ಮುದಕಂದ. ಅವತ್ತಿನಿಂದ ಪಾಸ್ಟರು ಯಾರ ಅಂಗಡಿಗೆ ಹೋದ್ರೂ "ಕರ್ತನೇ, ಆಶೀರ್ವದಿಸು" ಅಂತ ಅಷ್ಟ ಅಂದು ಲಗೂನ ಕಣ್ಣ ತಗೀತಿದ್ರು.

ಎದ್ದ ನಿಂತ ಹೇಳ್ರಿ

ಈಗಿನ ಪಾಸ್ಟರು ಹರೇದವರು, ಹುರುಪಿನವರು. ಹ್ವಾದ ಬ್ಯಾಸಗಿ ಪೂರಾ ಭಾನುವಾರಕ್ಕೊಮ್ಮೆ ಒಂದಽ ಮಾತು: "ದೇವರು ನಮ್ಮನ್ನ ಸುಮ್ಮನ ಹುಟ್ಟಿಸಿಲ್ರೀ. ಗುರಿ ಇಟಗೋರಿ. ಪ್ಲಾನ್ ಹಾಕ್ರಿ. ಹಾಕಿದ ಪ್ಲಾನ್ ದೇವರ ಮುಂದ ಇಟ್ಟು ಒಪ್ಪಿಸ್ರಿ." ಕಡೀಕ ಒಂದ ಭಾನುವಾರ, "ಈಗ ಒಬ್ಬೊಬ್ಬರ ಎದ್ದ ನಿಂತು ನಿಮ್ಮ ಜೀವನದ ಗುರಿ ಹೇಳ್ರಿ" ಅಂದ್ರು.

ಹೈನದ ಎಮ್ಮಿ ಕಟ್ಟಿದಾಂವ ಒಬ್ಬ ಎದ್ದಾ. "ನನ್ನ ಗುರಿ ಸ್ವರ್ಗಾರೀ. ಆದರ ಅದಕ್ಕಿಂತ ಮೊದಲ ಮಾಳಗಿ ಮ್ಯಾಲ ಒಂದ ಖೋಲಿ."

ಪಾಸ್ಟರ ಹೆಂಡ್ತಿ ಎದ್ರು. "ಪ್ರಸಂಗ ಹನ್ನೆರಡರೊಳಗ ಮುಗೀಬೇಕು, ಅನ್ನಾ ಬಿಸಿ ಇರಬೇಕು." ಅವತ್ತಿನ ಆಮೆನ್ನಿಗೆ ಚರ್ಚಿನ ಹಂಚ ಹಾರೂದೊಂದ ಬಾಕಿ.

ಆಮ್ಯಾಲ ನರ್ಸ್ ಅಕ್ಕಾರು ಎದ್ರು. ಇವರು ಮೂಲ ಖಾನಾಪುರದವರು. ಲಗ್ನಾ ಮಾಡ್ಕೊಳ್ಳಲಿಲ್ಲ, ಆಯುಷ್ಯ ಪೂರಾ ದವಾಖಾನ್ಯಾಗ ಹೆರಿಗಿ ಮಾಡಿಸಿ ರಿಟೈರ್ ಆದವರು. ನಮ್ಮ ಸಭಿಯೊಳಗ ಅರ್ಧಾ ಮಂದಿ ಅವರ ಕೈಯಾಗನ ಹುಟ್ಟೇವಿ, ನಾನೂ ಸುದ್ದಾ. ಅವರ ಹೃದಯದಾಗಿನ ಒಂದ ವಾಲ್ವ್ ಕೆಟ್ಟೈತಿ, ಆಪರೇಶನ್ ಮಾಡದಿದ್ರ ವರ್ಷ ದಾಟೂದ ಕಷ್ಟ ಅಂತ ಡಾಕ್ಟರು ಹೇಳಿದ್ದು ನಮಗೆಲ್ಲಾ ಗೊತ್ತಿತ್ತು. ಅಕ್ಕಾರು ಮಾತ್ರ ಒಲ್ಲೆ ಅಂತ ಕುಂತಿದ್ರು.

"ನನ್ನ ಗುರಿ ಶಿಸ್ತಲೇ ಸಾಯೂದು," ಅಂದ್ರು ಅಕ್ಕಾರು. "ಹಾಡ ಆರಿಸೇನಿ. ಉಡಸೂ ಸೀರಿ ಇಸ್ತ್ರಿ ಮಾಡಿಸೇನಿ. ಮಣ್ಣಿಗೆ ಬಂದವರಿಗೆ ಉಪ್ಪಿಟ್ಟಂತ ಹೇಳಿಟ್ಟೇನಿ. ಪೆಟ್ಟಿಗಿ ಒಂದ ಬಾಕಿ ಐತಿ." ತಿರುಗಿ ನನ್ನ ನೋಡಿದ್ರು. "ಏ ಬಡಿಗ್ಯಾ, ನಾಳೆ ಬರ್ತೇನಿ."

ಪಾಸ್ಟರ ಮಾರಿ ನೋಡಬೇಕಿತ್ತು ನೀವು. ಗುರಿ ಇಟಗೋರಿ ಅಂತ ಹೇಳಿದವರು ಅವರಽ ಅಲ್ಲೇನ್ರೀ!

ಅಳತಿ

ಮರುದಿನಾ ಬಂದೇ ಬಂದ್ರು. ಟೇಪ್ ಹಿಡಿಯಾಕ ನನ್ನ ಕೈ ಬರವಲ್ದು.

"ಅಕ್ಕಾರ, ಆಪರೇಶನ್ ಮಾಡಿಸ್ಕೋರಿ. ಯಾಕ್ರೀ ಈ ಹಟಾ?"

"ನೀ ಹುಟ್ಟಿದಾಗ ನಿನ್ನ ಅಳತಿ ನಾ ತಗೊಂಡಿದ್ನಿ. ಈಗ ನನ್ನ ಅಳತಿ ನೀ ತಗೋ. ಅಳಬ್ಯಾಡ. ಅವತ್ತೂ ಅಳಾಕತ್ತಿದ್ದಿ. ಮತ್ತ ಕಾಲ ಕಡಿ ಉದ್ದ ಇಡು. ಡ್ಯೂಟಿ ಇದ್ದಷ್ಟ ವರ್ಷ ಕಾಲ ಚಾಚಿ ಮಲಗಿಲ್ಲ ನಾನು."

ಅವರ ಕಾಟಕ್ಕ ಜಲ್ಮದಾಗ ಮೊದಲನೇ ಸಲಾ ಹೇಳಿದ ದಿನಕ್ಕ ಕೆಲಸಾ ಮುಗಿಸಿದ್ನಿ. ಪೆಟ್ಟಿಗಿ ಎರಡ ಸ್ಟೂಲಿನ ಮ್ಯಾಲ ಇಟ್ಟಿದ್ನಿ. "ಮಲಗಿ ನೋಡ್ತೇನಿ ತಡಿ" ಅಂದು ಸ್ಟೂಲ್ ಹತ್ತಿ ಒಳಗ ಮಲಗೇ ಬಿಟ್ರು. ಕಣ್ಣಿಗೆ ಚಷ್ಮಾ, ಹೊಟ್ಟಿ ಮ್ಯಾಲ ಬ್ಯಾಗು.

ಅದಽ ಹೊತ್ತಿಗೆ ಖಾನಾಪುರದಿಂದ ಒಬ್ಬ ಗೌಡ್ರು ಹೆಂಡ್ತಿನ್ನ ಕರಕೊಂಡು ಮಗಳ ಲಗ್ನದ ಪಲ್ಲಂಗ ನೋಡಾಕ ಬಂದ್ರು. ಪೆಟ್ಟಿಗಿ ನೋಡಿ ಚಪ್ಪಲಿ ಬಿಟ್ಟು, ಕೈ ಮುಗದು, ತಲಿ ಬಗ್ಗಿಸಿ ನಿಂತ್ರು. "ಯಾವಾಗಾತ್ರೀ?" ಅಂತ ಗೌಡ್ರು ಸಣ್ಣ ಧ್ವನಿಯೊಳಗ ನನ್ನ ಕೇಳಿದ್ರು.

ನಾ ಬಾಯಿ ತಗಿಯೂದ್ರೊಳಗ ಅಕ್ಕಾರು ಎದ್ದ ಕುಂತ್ರು. "ಪಲ್ಲಂಗ ಬೇಕಾಗಿತ್ತೇನ್ರೀ? ತಗೋರಿ, ತಗೋರಿ. ಭಾಳ ಛಲೋ ಮಾಡ್ತಾನ. ಬೆನ್ನಿಗೆ ಏನೂ ಒತ್ತಂಗಿಲ್ಲ."

ಅವರ ಚಪ್ಪಲಿ ಇನ್ನೂ ನನ್ನ ಅಂಗಡ್ಯಾಗನ ಅದಾವು.

ಗರಿ ಗರಿ ಚಕ್ಕುಲಿ

ಅಕ್ಕಾರು ಪೆಟ್ಟಿಗಿ ಮನಿಗೆ ಒಯ್ದು, ಪಡಸಾಲ್ಯಾಗ ಇಟ್ಟು, ಮ್ಯಾಲ ಹೂವಿನ ಚಾದರ ಹಾಸಿದ್ರು. ಮೂರ ವಾರ ಆದಮ್ಯಾಲ ಪಾಸ್ಟರು ನನ್ನನ್ನೂ ಕರಕೊಂಡು ಅವರ ಮನಿಗೆ ಹೋದ್ರು, ಆಪರೇಶನ್ನಿಗೆ ಒಪ್ಪಸಾಕ.

ಅಕ್ಕಾರು ಚಹಾ ಕೊಟ್ರು, ಚಕ್ಕುಲಿ ಕೊಟ್ರು, ಶಂಕರಪಾಳಿ ಕೊಟ್ರು. ಪಾಸ್ಟರು ತಿನಕೋತ ಹೇಳಾಕತ್ರು, "ಅಕ್ಕಾರ, ಆಯುಷ್ಯ ದೇವರದು. ನಾವ ಅದನ್ನ ಜ್ವಾಕಿ ಮಾಡಬೇಕಲ್ರೀ."

"ಪ್ಲಾನ್ ದೇವರ ಮುಂದ ಇಟ್ಟು ಒಪ್ಪಿಸ್ರಿ ಅಂದವರು ನೀವು. ಒಪ್ಪಿಸೇನಿ. ಪೆಟ್ಟಿಗಿ ರೆಡಿ ಇದ್ದಾಕಿಗೆ ಆಪರೇಶನ್ ಯಾಕ್ರೀ?"

ಪಾಸ್ಟರು ಮಾತ ತಿರುಗಸಾಕಂತ ಇನ್ನೊಂದ ಚಕ್ಕುಲಿ ತಗೊಂಡ್ರು. "ಇಂಥಾ ಮಳಿ ಬರೂ ಹವಾದಾಗ ಇಷ್ಟ ಗರಿ ಗರಿ ಹೆಂಗ ಇರ್ತಾವ್ರೀ? ಎಲ್ಲಿ ಇಡ್ತೀರಿ?"

ಅಕ್ಕಾರು ಎದ್ದು ಚಾದರ ಸರಿಸಿ, ಪೆಟ್ಟಿಗಿ ಮುಚ್ಚಳಾ ಎತ್ತಿದ್ರು. ಒಳಗ ಡಬ್ಬಿ ಸಾಲ. "ಇಂವಾ ಜೋಡಣಿ ಹೆಂಗ ಮಾಡ್ಯಾನ ನೋಡ್ರಿ. ಒಂದ ಇರವಿ ಹೋಗಂಗಿಲ್ಲ."

ಪಾಸ್ಟರು ಅವತ್ತ ಸಂಜಿತನಾ ಉಪವಾಸ ಇದ್ರು. ಪ್ರಾರ್ಥನಾಕ್ಕಂತ ಹೇಳಿದ್ರು.

ಯಾಲಕ್ಕಿ

ಮಳಿಗಾಲ ಹಿಡೀತು. ಒಂದ ಮುಂಜಾನೆ ಖಾನಾಪುರದಿಂದ ಫೋನ್ ಬಂತು. ಅಲ್ಲಿ ನಮ್ಮ ಸ್ಮಶಾನದಾಗ ಗೋರಿ ತೋಡತಿದ್ದ ಮನಷ್ಯಾ ಒಮ್ಮಿಂದೊಮ್ಮೆಲೆ ತೀರಿಕೊಂಡಿದ್ದಾ. ಊರ ಮಂದಿಗೆಲ್ಲಾ ಜಾಗಾ ಮಾಡಿ ಕೊಟ್ಟಾಂವಗ ಪೆಟ್ಟಿಗಿ ಇಲ್ಲ. ನನ್ನ ಅಂಗಡ್ಯಾಗ ಎರಡ ದಿನದಿಂದ ಕರೆಂಟ್ ಇಲ್ಲ, ಹೊರಗ ಕೊಯ್ದಿಟ್ಟ ಕಟಗಿ ಎಲ್ಲಾ ತೊಯ್ದ ಕುಂತೈತಿ.

ಸುದ್ದಿ ಕೇಳಿ ಅಕ್ಕಾರು, "ನನ್ನದ ಒಯ್ರಿ. ಖಾಲಿ ಐತಿ," ಅಂದ್ರು.

"ಖಾಲಿ ಎಲ್ಲೈತ್ರೀ ಅಕ್ಕಾರ, ಶಂಕರಪಾಳಿ ಅದಾವಲ್ಲ!"

"ತಗದ್ರ ಖಾಲಿ ಆಗ್ತೈತಿ. ನಡಿ."

ಟೆಂಪೋದಾಗ ಹಾಕ್ಕೊಂಡು ಪಾಸ್ಟರು, ಅಕ್ಕಾರು, ನಾನು ಮಳ್ಯಾಗ ಹ್ವಾದ್ವಿ. ಆ ಮನಷ್ಯಾ ಎತ್ತರದಾಂವ. ಅಕ್ಕಾರು ಕಾಲ ಚಾಚಾಕಂತ ಮಾಡಿಸಿದ್ದ ಪೆಟ್ಟಿಗಿ ಅವನಿಗೆ ಹೇಳಿ ಮಾಡಿಸಿದಂಗ ಆತು. ಮುಚ್ಚಳಾ ಹಾಕೂಕಿಂತ ಮೊದಲ ಅವನ ಹೆಂಡ್ತಿ ಬಗ್ಗಿ, ಅಳೂದ ನಿಲ್ಲಿಸಿ, ನಮ್ಮ ಕಡಿ ತಿರುಗಿದ್ಲು.

"ನೋಡ್ರೀ! ಖರೇ ಮನಷ್ಯಾ ಇದ್ದಾರೀ ಇಂವಾ. ಸತ್ತ ಮ್ಯಾಲೂ ಹೆಂಗ ಘಮ್ ಅನ್ನಾಕತ್ತಾನ!"

ಶಂಕರಪಾಳಿದ ಯಾಲಕ್ಕಿ ವಾಸನಿ ಅದು. ನಾ ಪಾಸ್ಟರ ಮಾರಿ ನೋಡಿದ್ನಿ, ಪಾಸ್ಟರು ನೆಲಾ ನೋಡಿದ್ರು. ಅಕ್ಕಾರು ಆಕಿ ಹೆಗಲ ಮ್ಯಾಲ ಕೈ ಇಟ್ಟು, "ಹೌದವ್ವಾ, ಛಲೋ ಮನಷ್ಯಾ," ಅಂದ್ರು. ನನ್ನ ಕಣ್ಣ ತುಂಬಿ ಬಂದ್ವು. ನನ್ನ ಕೈ ಕೆಲಸಕ್ಕ ಇಂಥಾ ಉಪಯೋಗ ಕೊಟ್ಟ ದೇವರಿಗೆ ಅಲ್ಲೇ ನಿಂತು ಉಪಕಾರ ಸ್ಮರಣಿ ಮಾಡಿದ್ನಿ.

ಹಸಿ ಕಟಗಿ

ವಾಪಸ್ ಬರೂ ದಾರ್ಯಾಗ ಊರ ಹತ್ರ ಬಂದಾಗ ಅಕ್ಕಾರು, "ನನ್ನ ಪ್ಲಾನ್ ಕೆಟ್ಟಿತಲ್ಲೋ," ಅಂದ್ರು. "ಇನ್ನೊಂದ ಪೆಟ್ಟಿಗಿ ಯಾವಾಗ ಕೊಡ್ತೀ?"

ಆವಾಗ ನನ್ನ ತಲಿಯೊಳಗ ಬೆಳಕ ಬಿತ್ತು ನೋಡ್ರಿ. "ಕಟಗಿ ಹಸಿ ಐತ್ರೀ ಅಕ್ಕಾರ. ಒಣಗಬೇಕು. ಕ್ರಿಸ್ಮಸ್ ಆಗ್ತೈತಿ."

"ಕ್ರಿಸ್ಮಸ್?"

"ಹಸಿ ಕಟಗಿದ ಮಾಡಿದ್ರ ಸೀಳ ಬಿಡ್ತೈತ್ರೀ. ನೀವು ಶಿಸ್ತಿನವರು, ನಿಮಗ ಸೀಳಿದ ಪೆಟ್ಟಿಗಿ ಹೆಂಗ ಕೊಡ್ಲಿ?"

ಖಾನಾಪುರದಿಂದ ತರಿಸಿದ್ದ ಕಟಗಿ ಹಿಂದಿನ ಖೋಲ್ಯಾಗ ಎರಡ ವರ್ಷದಿಂದ ಒಣಗಿ ಕಣಕಣ ಅನ್ನಾಕತ್ತಿತ್ತು. ಪಾಸ್ಟರಿಗೆ ಖರೇ ಹೇಳಿದ್ನಿ. ಬೈತಾರೇನೋ ಅಂತ ಅಂಜಿಕಿ ಇತ್ತು. ಅವರು ಆಜೂ ಬಾಜೂ ನೋಡಿ, ನನ್ನ ಕಿವಿಯಾಗ, "ಇನ್ನಷ್ಟ ತಡಾ ಮಾಡು," ಅಂದ್ರು. ನನಗ ಹಂಗ ಹೇಳಿದ ಗಿರಾಕಿ ಅದಕ್ಕಿಂತ ಮೊದಲ ಯಾರೂ ಇಲ್ಲ.

ದಸರಾ ಮುಗದ ಮ್ಯಾಲ ಅಕ್ಕಾರಿಗೆ ದಮ್ಮ ಹೆಚ್ಚಾತು. ಡಾಕ್ಟರು ಸಾಫ್ ಹೇಳಿದ್ರು: ಆಪರೇಶನ್ ಆಗದಿದ್ರ ಕ್ರಿಸ್ಮಸ್ ಕಾಣಂಗಿಲ್ಲ. ಅಕ್ಕಾರು ನನಗ ಫೋನ್ ಮಾಡಿದ್ರು.

"ಕಟಗಿ?"

"ಹಸಿ ಐತ್ರೀ."

ಆ ಕಡಿಂದ ಒಂದ ದೊಡ್ಡ ಉಸರ ಕೇಳಿಸ್ತು. "ಪೆಟ್ಟಿಗಿ ಇಲ್ದ ನಾ ಹೋಗಾಕಿ ಅಲ್ಲ. ಕ್ರಿಸ್ಮಸ್ ತನಾ ಬದಕಾಕಽ ಬೇಕಾತು. ಡಾಕ್ಟರಿಗೆ ಹೇಳು, ಆಪರೇಶನ್ ಮಾಡ್ಲಿ."

ಆಪರೇಶನ್ ದಿನಾ ದವಾಖಾನಿ ಪಡಸಾಲಿ ತುಂಬ ನಮ್ಮ ಸಭಿ ಮಂದಿ. ಎಲ್ಲಾರೂ ಅವರ ಕೈಯಾಗ ಹುಟ್ಟಿದವರು. ನಾ ಮೂಲ್ಯಾಗ ಕುಂತು, "ತಂದೇ, ಸುಳ್ಳ ಹೇಳೇನಿ, ಕ್ಷಮಿಸು. ಆದರ ನನ್ನ ಕೈಲೇ ಆ ಪೆಟ್ಟಿಗಿ ಈಗ ಮಾಡಸಬ್ಯಾಡ," ಅಂತ ಬೇಡಿಕೊಂಡ್ನಿ. ದೇವರು ಕೇಳಿದಾ. ಏನ ಹೇಳಲಿ, ದೊಡ್ಡಾಂವ.

ಎರಡ ದಿನಾ ಆದಮ್ಯಾಲ ಒಳಗ ಬಿಟ್ರು. ಅಕ್ಕಾರು ಕಣ್ಣ ತಗದು ನನ್ನ ನೋಡಿದ್ರು.

"ಒಣಗಿತೇನ?"

"ಇಲ್ರೀ ಅಕ್ಕಾರ. ಈ ವರ್ಷ ಮಳಿ ಭಾಳ."

ಅವರು ಕಿಟಕಿ ಕಡಿ ನೋಡಿದ್ರು. ಹೊರಗ ಬಿಸಲ ರಣಾ ರಣಾ ಹೊಡ್ಯಾಕತ್ತಿತ್ತು. ಆಮ್ಯಾಲ ನನ್ನ ಮಾರಿ ನೋಡಿದ್ರು. ತುಟಿ ಮೂಲ್ಯಾಗ ನಗಿ ಬಂತು.

"ಇರ್ಲಿ ಬಿಡಪಾ," ಅಂದ್ರು. "ಹುಟ್ಟೂವಾಗೂ ನೀ ಹೇಳಿದ ದಿನಕ್ಕ ಬರಲಿಲ್ಲ. ಅವತ್ತೂ ಕಾಯ್ದಿದ್ನಿ. ಈಗೂ ಕಾಯ್ತೇನಿ."